ನಾಟಿ ಅವರೆಯನ್ನು ಮನೆಯೊಳಗೆ ಬೆಳೆಯುವುದು: ಕತ್ತಲೆಯ ಲೆಕ್ಕ

ಬೆಂಗಳೂರಿನ ಬಾಲ್ಕನಿಗಳಲ್ಲಿ ನಾಟಿ ಅವರೆ ಹಾಕಿದವರ ದೂರು ಬಹುಮಟ್ಟಿಗೆ ಒಂದೇ. ಬಳ್ಳಿ ಗ್ರಿಲ್ ತುಂಬ ಹಬ್ಬಿತು, ಎಲೆ ಅಂಗೈಯಗಲ ಬಂತು, ಸಂಕ್ರಾಂತಿ ಕಳೆದರೂ ಒಂದು ಹೂ ಕಾಣಲಿಲ್ಲ. ಗೊಬ್ಬರ ಸಾಲಲಿಲ್ಲವೇನೋ ಎಂದು ಇನ್ನಷ್ಟು ಹಾಕುತ್ತಾರೆ, ಬಳ್ಳಿ ಇನ್ನಷ್ಟು ಹಬ್ಬುತ್ತದೆ. ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಕಾರಣ ಎದುರಿನ ಬೀದಿದೀಪ.

ನಾಟಿ ಅವರೆ ರಾತ್ರಿಯ ಉದ್ದ ನೋಡಿ ಹೂ ಬಿಡುವ ಗಿಡ. ಬೆಂಗಳೂರಿನಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್ ಕೊನೆಯ ಹಗಲು ಸುಮಾರು 11 ಗಂಟೆ 20 ನಿಮಿಷ. ವರ್ಷದುದ್ದಕ್ಕೂ ಇರುವ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಇಷ್ಟು ಸಣ್ಣ ವ್ಯತ್ಯಾಸವನ್ನೇ ಹಿಡಿದು ಈ ತಳಿಗಳು ಕಾಲ ಗುರುತಿಸುತ್ತವೆ. ರಾಗಿ ಹೊಲದ ಅಕ್ಕಡಿ (ಮಿಶ್ರಬೆಳೆ) ಸಾಲಿನಲ್ಲಿ ಜುಲೈಯಲ್ಲಿ ಬಿದ್ದ ಬೀಜ ಮೂರು ತಿಂಗಳು ಸುಮ್ಮನೆ ಬೆಳೆದು, ರಾಗಿ ಕೊಯ್ಲಿನ ಹೊತ್ತಿಗೆ ಹೂ ತೆಗೆದು, ಮಾಗಿಯ ಇಬ್ಬನಿಯಲ್ಲಿ ಕಾಯಿ ತುಂಬುವುದು ಹೀಗೆ. ಗಿಡ ಅಳೆಯುವುದು ಎಡೆಬಿಡದ ಕತ್ತಲೆಯನ್ನು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಬೆಳಕು ಬಿದ್ದಾಗ ಒಂದು ರೂಪಕ್ಕೆ ಹೊರಳುತ್ತದೆ, ಕತ್ತಲೆಯಲ್ಲಿ ನಿಧಾನವಾಗಿ ಹಿಂದಕ್ಕೆ ಬರುತ್ತದೆ. ನಡುರಾತ್ರಿ ಹತ್ತು ನಿಮಿಷ ದೀಪ ಬಿದ್ದರೆ ಆ ಲೆಕ್ಕ ಮತ್ತೆ ಮೊದಲಿಂದ ಶುರು. 13 ಗಂಟೆಯ ಒಂದು ರಾತ್ರಿ ಗಿಡದ ಪಾಲಿಗೆ ಆರೂವರೆ ಗಂಟೆಯ ಎರಡು ಗಿಡ್ಡ ರಾತ್ರಿಗಳಾಗುತ್ತದೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿಗೆ ಈ ಗೊಡವೆ ಇಲ್ಲ. ಅವು ಗಿಡ್ಡ, ಯಾವ ಕಾಲದಲ್ಲಾದರೂ ಹೂ ಬಿಡುತ್ತವೆ, ವರ್ಷವಿಡೀ ಮಾರುಕಟ್ಟೆಗೆ ಅವರೆ ಬರುವುದು ಅವುಗಳಿಂದಲೇ. ಬರೀ ಕಾಯಿ ಸಾಕು ಎನ್ನುವವರು ಅವನ್ನೇ ಹಾಕುವುದು ಒಳ್ಳೆಯದು. ಈ ಲೇಖನ ಇರುವುದು ಸುಲಿದರೆ ಬೆರಳಿಗೆ ಜಿಡ್ಡು ಅಂಟುವ, ಕೈ ತೊಳೆದರೂ ವಾಸನೆ ಹೋಗದ ಸೊಗಡವರೆ ಬೇಕೆನ್ನುವವರಿಗೆ, ಜತೆಗೆ ಊರಿನ ಹಳೆಯ ಬೀಜವನ್ನು ಫ್ಲ್ಯಾಟಿನಲ್ಲಿದ್ದುಕೊಂಡೇ ಉಳಿಸಬೇಕೆನ್ನುವವರಿಗೆ. ದುಡ್ಡು ಉಳಿಸುವ ಲೆಕ್ಕದಲ್ಲಿ ಇದು ಗಿಟ್ಟುವುದಿಲ್ಲ. ಗಿಡ ಬೆಳೆಸುವ ನಾಲ್ಕು ಚೀಲದಿಂದ ಕೆಲವು ಸಲದ ಸಾರಿಗೂ ಮುಂದಿನ ಬಿತ್ತನೆಗೂ ಆಗುವಷ್ಟು ಕಾಳು ಸಿಗುತ್ತದೆ.

ಬೀಜ

ದಿನಸಿ ಅಂಗಡಿಯ ಒಣ ಅವರೆಕಾಳು ಬೇಡ. ಅದರಲ್ಲಿ ಹಲವು ತಳಿ ಬೆರೆತಿರುತ್ತವೆ, ಎಷ್ಟು ಹಳೆಯದೆಂದು ಹೇಳುವವರಿರುವುದಿಲ್ಲ. ಮಾಗಡಿ, ರಾಮನಗರ, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ರೈತರ ಮನೆಯಿಂದ ಸಿಕ್ಕರೆ ಉತ್ತಮ. ದೇಸಿ ಬೀಜ ಉಳಿಸುವ ಸಹಜ ಸಮೃದ್ಧದಂಥ ಬಳಗಗಳ ಬೀಜಮೇಳಗಳಲ್ಲೂ ವಿಚಾರಿಸಬಹುದು. ಕೊಡುವವರನ್ನು ಕೇಳಬೇಕಾದದ್ದು ಎರಡೇ ಮಾತು: ಯಾವಾಗ ಬಿತ್ತುತ್ತೀರಿ, ಯಾವಾಗ ಹೂ ಬರುತ್ತದೆ. ಮುಂಗಾರಿನಲ್ಲಿ ಬಿತ್ತಿದರೂ ದೀಪಾವಳಿಯ ಆಸುಪಾಸಿನಲ್ಲಿಯೇ ಹೂ ಎಂದರೆ ಅದು ನಿಮಗೆ ಬೇಕಾದ ತಳಿ. ಬಿತ್ತಿದ ಎರಡು ತಿಂಗಳೊಳಗೆ ಹೂ, ಯಾವ ತಿಂಗಳಲ್ಲಿ ಬಿತ್ತಿದರೂ ಸರಿ ಎಂದರೆ ಅದರಲ್ಲಿ ಹೊಸ ತಳಿ ಸೇರಿದೆ.

ತೂತು ಬಿದ್ದ, ಸುಕ್ಕಾದ ಕಾಳು ತೆಗೆದುಹಾಕಿ. ಕಾಳಿನ ಅಂಚಿನಲ್ಲಿ ಎದ್ದು ಕಾಣುವ ಬಿಳಿ ಗೆರೆ ಪೂರ್ತಿಯಾಗಿ, ಒಡೆಯದೆ ಇರಬೇಕು. ಮೊಳಕೆ ಬರುವುದು ಆ ಬದಿಯಿಂದ. ಬಿತ್ತುವ ಹಿಂದಿನ ದಿನ ಅಲಸಂದೆ, ಅವರೆಗೆ ಹೊಂದುವ ರೈಜೋಬಿಯಂ (ಬೇರಿನಲ್ಲಿ ಸಾರಜನಕ ಕಟ್ಟಿಕೊಡುವ ಜೀವಾಣು) ಪುಡಿಯನ್ನು ತಣ್ಣನೆಯ ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ತೆಳ್ಳಗೆ ಹಚ್ಚಿ ನೆರಳಲ್ಲಿ ಅರ್ಧ ಗಂಟೆ ಆರಿಸಿ. ಹೊಲದ ಮಣ್ಣಿನಲ್ಲಿ ಈ ಜೀವಾಣು ತಾನಾಗಿ ಇರುತ್ತದೆ, ಚೀಲದ ಮಿಶ್ರಣದಲ್ಲಿ ಸಾಕಷ್ಟು ಇರುತ್ತದೆಂಬ ಖಾತ್ರಿಯಿಲ್ಲ. ಆದ್ದರಿಂದ ಮನೆಯೊಳಗಿನ ಬೆಳೆಗೆ ಇದನ್ನು ಬಿಡಬಾರದು. ಬೀಜವನ್ನು ರಾತ್ರಿಯಿಡೀ ನೆನೆಹಾಕುವ ಅಭ್ಯಾಸವಿದ್ದರೆ ನಿಲ್ಲಿಸಿ. ಹೆಚ್ಚು ನೆನೆದ ಅವರೆ ಸಿಪ್ಪೆ ಸೀಳಿ ಕೊಳೆಯುತ್ತದೆ. ಹದವಾಗಿ ತೇವವಿರುವ ಮಣ್ಣಿನಲ್ಲಿ 3 ಸೆಂಟಿಮೀಟರ್ ಆಳಕ್ಕೆ, ಚೀಲಕ್ಕೆ ಮೂರರಂತೆ ಊರಿ. ನಾಲ್ಕರಿಂದ ಆರು ದಿನದಲ್ಲಿ ಮೇಲೆ ಬರುತ್ತದೆ. ಎರಡು ಎಲೆ ಬಿಡಿಸಿದ ಮೇಲೆ ಗಟ್ಟಿಯಾದ ಒಂದನ್ನು ಉಳಿಸಿ ಉಳಿದವನ್ನು ಕತ್ತರಿಸಿ. ಕೀಳಬೇಡಿ, ಪಕ್ಕದ ಬೇರು ಅಲುಗುತ್ತದೆ.

ಜಾಗ, ದೀಪ, ಮಣ್ಣು

ಮೂರಡಿ ಉದ್ದ, ಮೂರಡಿ ಅಗಲ, ಆರಡಿ ಎತ್ತರದ ಗ್ರೋ ಟೆಂಟ್ (ಹೊರಗಿನ ಬೆಳಕು ನುಗ್ಗದಂತೆ ಗಿಡ ಬೆಳೆಸುವ ಗುಡಾರ) ಇದ್ದರೆ 20 ಲೀಟರಿನ ನಾಲ್ಕು ಚೀಲ ಕೂರುತ್ತವೆ. ಟೆಂಟ್ ಇಲ್ಲದವರು ಕಿಟಕಿಯಿಲ್ಲದ ಸ್ಟೋರ್ ರೂಮಿನ ಒಂದು ಮೂಲೆಯನ್ನು ಒಳಬದಿ ಬಿಳಿ, ಹೊರಬದಿ ಕಪ್ಪು ಇರುವ ಪ್ಲಾಸ್ಟಿಕ್ ಹಾಳೆಯಿಂದ ಕಟ್ಟಿಕೊಳ್ಳಬಹುದು. ಇಷ್ಟು ಜಾಗಕ್ಕೆ ಗೋಡೆಯಿಂದ ನಿಜವಾಗಿ 200 ವಾಟ್ ಎಳೆಯುವ ಬಿಳಿ ಎಲ್‌ಇಡಿ ಗ್ರೋ ಲೈಟ್ ಬೇಕು. ಪೆಟ್ಟಿಗೆಯ ಮೇಲೆ 1000 ವಾಟ್ ಎಂದು ಅಚ್ಚಾಗಿರುವ ಅಗ್ಗದ ದೀಪ ಎಷ್ಟೋ ಸಲ 100 ವಾಟ್ ಕೂಡ ಎಳೆಯುವುದಿಲ್ಲ. ಪ್ಲಗ್ಗಿಗೆ ಸಿಕ್ಕಿಸುವ ವಿದ್ಯುತ್ ಮೀಟರಿನಲ್ಲಿ ಅಳೆದು ನೋಡಿ. ದಿನಕ್ಕೆ 11 ಗಂಟೆ ಉರಿದರೆ 2.2 ಯುನಿಟ್, ತಿಂಗಳಿಗೆ 66 ಯುನಿಟ್ ಬಿಲ್ಲಿಗೆ ಸೇರುತ್ತದೆ. ದೀಪ ಗಿಡದ ನೆತ್ತಿಯಿಂದ 40ರಿಂದ 45 ಸೆಂಟಿಮೀಟರ್ ಮೇಲಿರಲಿ. ಸಸಿ ಎಳೆಯದಾಗಿರುವಾಗ 60ರಷ್ಟು ದೂರ.

ಮಣ್ಣಿನ ಮಿಶ್ರಣ ಸರಳ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ತೊಳೆದ ಕೋಕೋಪೀಟ್, ಚೀಲಕ್ಕೆ 50 ಗ್ರಾಂ ಬೇವಿನ ಹಿಂಡಿ, 30 ಗ್ರಾಂ ಮೂಳೆಪುಡಿ. ಕುರಿಗೊಬ್ಬರ, ಕೋಳಿಗೊಬ್ಬರ ಬೇಡ. ಅವರೆ ತನಗೆ ಬೇಕಾದ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ತಾನೇ ಮಾಡಿಕೊಳ್ಳುತ್ತದೆ, ನಾವು ಹೊರಗಿನಿಂದ ಹೆಚ್ಚು ಕೊಟ್ಟರೆ ಗಂಟು ಕಟ್ಟುವುದನ್ನೇ ಬಿಡುತ್ತದೆ. ಹೆಚ್ಚಿನ ಬೀಜವೊಂದನ್ನು ಸಣ್ಣ ಕುಂಡದಲ್ಲಿ ಬೇರೆ ಬೆಳೆಸಿಟ್ಟುಕೊಂಡರೆ ತಿಂಗಳಾದ ಮೇಲೆ ಕಿತ್ತು ನೋಡಬಹುದು. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಕೆಲಸ ನಡೆಯುತ್ತಿದೆ. ಬಿಳಿ ಅಥವಾ ಹಸಿರಿದ್ದರೆ ಇಲ್ಲ.

ನೀರಿನ ಮಾತು ಬೆಂಗಳೂರಿನಲ್ಲಿ ಪ್ರತ್ಯೇಕವಾಗಿ ಹೇಳಲೇಬೇಕು. ಕಾವೇರಿ ನೀರು ತೊಂದರೆ ಕೊಡುವುದಿಲ್ಲ. ಬೋರ್‌ವೆಲ್ ನೀರು ಮಾತ್ರ ಬರುವ ಬಡಾವಣೆಗಳಲ್ಲಿ ಅದರ ಗಡಸುತನ ವಾರದಿಂದ ವಾರಕ್ಕೆ ಚೀಲದಲ್ಲಿ ಸೇರುತ್ತಾ ಹೋಗಿ, ಎಳೆ ಎಲೆಗಳು ನರ ಹಸಿರಾಗಿಯೇ ಉಳಿದು ನಡುವೆ ಹಳದಿಯಾಗುತ್ತವೆ. ಇದು ಕಬ್ಬಿಣ ಸಿಗದ ಲಕ್ಷಣ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕ್ಷಾರದಿಂದಾಗಿ ಬೇರಿಗೆ ಎಟುಕುವುದಿಲ್ಲ. ಲೀಟರಿಗೆ 3 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ದೀಪ ಆರುವ ಸ್ವಲ್ಪ ಮೊದಲು ಎಲೆಗೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ. ಆರ್‌ಒ ಯಂತ್ರ ಹೊರಹಾಕುವ ತ್ಯಾಜ್ಯ ನೀರನ್ನು ಗಿಡಕ್ಕೆ ಸುರಿಯುವುದು ಹಲವು ಮನೆಗಳ ರೂಢಿ. ನೆಲ ಒರೆಸಲು ಅದು ಸರಿ, ಚೀಲದ ಅವರೆಗೆ ಸಲ್ಲದು. ಬೋರಿನ ನೀರಿನಲ್ಲಿದ್ದ ಉಪ್ಪೆಲ್ಲ ಅದರಲ್ಲಿ ಇನ್ನಷ್ಟು ದಟ್ಟವಾಗಿರುತ್ತದೆ.

ಹದಿಮೂರು ಗಂಟೆಯ ಕತ್ತಲೆ

ಬಿತ್ತಿದ ದಿನದಿಂದ ಮೂರು ವಾರ ದಿನಕ್ಕೆ 14 ಗಂಟೆ ಬೆಳಕು. ಐದಾರು ಎಲೆ ಬಂದ ಮೇಲೆ 11 ಗಂಟೆ ಬೆಳಕು, 13 ಗಂಟೆ ಕತ್ತಲೆಗೆ ಬದಲಿಸಿ, ಕಾಯಿ ತುಂಬುವವರೆಗೆ ಅದನ್ನು ಮುಟ್ಟಬೇಡಿ. ಹನ್ನೆರಡಕ್ಕೆ ಹನ್ನೆರಡು ಸಾಕಲ್ಲ ಎಂದು ಕೇಳುವವರಿದ್ದಾರೆ. ಬೇರೆ ಅನೇಕ ಗಿಡಗಳಿಗೆ ಸಾಕು. ಆದರೆ ನಮ್ಮ ಅಕ್ಷಾಂಶದಲ್ಲಿ 12 ಗಂಟೆಯ ಹಗಲು ಎಂದರೆ ಸೆಪ್ಟೆಂಬರ್ ಕೊನೆ. ಹೊಲದಲ್ಲಿ ತಡವಾದ ತಳಿಗಳು ಆಗ ಇನ್ನೂ ಎಲೆಯಲ್ಲೇ ಇರುತ್ತವೆ. ಅವುಗಳಿಗೆ ನವೆಂಬರ್ ತಿಂಗಳ ರಾತ್ರಿಗಿಂತ ತುಸು ಉದ್ದದ ಕತ್ತಲೆಯನ್ನೇ ಕೊಡಬೇಕು.

14 ಗಂಟೆಯ ಹಂತವನ್ನು ಮೂರು ವಾರಕ್ಕಿಂತ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಗಿಡ ದೊಡ್ಡದಾದಷ್ಟೂ ಕಾಯಿ ಹೆಚ್ಚು ಎಂಬ ಲೆಕ್ಕ. ಮನೆಯೊಳಗೆ ಈ ಲೆಕ್ಕ ಕೈಕೊಡುತ್ತದೆ. ಕತ್ತಲೆ ಹೆಚ್ಚಿಸಿದ ಮೇಲೂ ನಾಟಿ ಬಳ್ಳಿ ನಾಲ್ಕೈದು ವಾರ ಹಬ್ಬುತ್ತಲೇ ಇರುತ್ತದೆ, ಹೂ ಕಾಣುವ ಹೊತ್ತಿಗೆ ಎರಡರಿಂದ ಮೂರು ಪಟ್ಟು ಬೆಳೆದಿರುತ್ತದೆ. ಐದಾರು ವಾರ ಕಾದವರ ಟೆಂಟಿನಲ್ಲಿ ಬಳ್ಳಿ ದೀಪಕ್ಕೆ ಸುತ್ತಿಕೊಂಡು, ಕೆಳಗಿನ ಎಲೆ ನೆರಳಿನಲ್ಲಿ ಹಳದಿಯಾಗಿ ಉದುರಿ, ಹೂತೆನೆ ನೆತ್ತಿಯಲ್ಲಿ ಮಾತ್ರ ಉಳಿಯುತ್ತದೆ. ಸೆಪ್ಟೆಂಬರಿನಲ್ಲಿ ತಡವಾಗಿ ಬಿತ್ತಿದ ಹೊಲದ ಅವರೆ ಮೊಣಕಾಲೆತ್ತರದಲ್ಲೇ ಹೂ ಬಿಡುವುದನ್ನು ನೋಡಿದವರಿಗೆ ಇದು ಗೊತ್ತು. ನಮಗೆ ಬೇಕಾದದ್ದು ಅಂಥ ಗಿಡವೇ.

ಟೈಮರ್ ಡಿಜಿಟಲ್ ಆಗಿರಲಿ, ಒಳಗೆ ಬ್ಯಾಟರಿ ಇರಲಿ; ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಮುಳ್ಳು ತಿರುಗುವ ಹಳೆಯ ಟೈಮರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಎರಡು ಗಂಟೆ ಕರೆಂಟ್ ಹೋದರೆ ಅಂದಿನಿಂದ ದೀಪ ಎರಡು ಗಂಟೆ ತಡವಾಗಿ ಹತ್ತಿ ಎರಡು ಗಂಟೆ ತಡವಾಗಿ ಆರುತ್ತದೆ. ಇಂಥ ನಾಲ್ಕು ಕಡಿತವಾದರೆ ಟೆಂಟಿನ ರಾತ್ರಿ ಮನೆಯವರ ಹಗಲಿಗೆ ಜಾರಿ, ಸಂದಿಯಿಂದ ಬಿಸಿಲು ನುಗ್ಗುವ ಹೊತ್ತಿಗೆ ಬಂದು ಕೂರುತ್ತದೆ. ಬೆಳಿಗ್ಗೆ 7ಕ್ಕೆ ಹತ್ತಿ ಸಂಜೆ 6ಕ್ಕೆ ಆರುವಂತೆ ಇಟ್ಟರೆ ಹೊರಗಿನ ಕತ್ತಲೆಯೂ ನೆರವಿಗೆ ಬರುತ್ತದೆ. ದೀಪ ಇನ್‌ವರ್ಟರಿಗೆ ಸೇರಬೇಕಿಲ್ಲ. ಹಗಲಲ್ಲಿ ಒಂದೆರಡು ಗಂಟೆ ಕರೆಂಟ್ ಹೋದರೆ ಹೂವಿಗೆ ಹಾನಿಯಿಲ್ಲ. ಹೋದ ಬೆಳಕನ್ನು ರಾತ್ರಿ ತುಂಬಿಕೊಡುತ್ತೇನೆಂದು ಹೊರಟರೆ ಮಾತ್ರ ಹಾನಿ.

ಕತ್ತಲೆಯ ಪರೀಕ್ಷೆಯನ್ನು ಕಣ್ಣಿಂದಲೇ ಮಾಡಬಹುದು. ರಾತ್ರಿ ಎಂಟರ ಸುಮಾರಿಗೆ, ಮನೆಯ ಉಳಿದ ದೀಪಗಳೆಲ್ಲ ಎಂದಿನಂತೆ ಉರಿಯುತ್ತಿರುವಾಗ, ಮೊಬೈಲ್ ಹೊರಗಿಟ್ಟು ಟೆಂಟಿನೊಳಗೆ ತಲೆ ಹಾಕಿ ಜಿಪ್ ಎಳೆದುಕೊಳ್ಳಿ. ಐದು ನಿಮಿಷ ಕಣ್ಣು ಹೊಂದಿಸಿಕೊಂಡ ಮೇಲೂ ನಿಮ್ಮ ಬೆರಳುಗಳು ಕಾಣಬಾರದು. ಜಿಪ್ಪಿನ ಹೊಲಿಗೆಯಲ್ಲಿ ನಕ್ಷತ್ರದಂಥ ಚುಕ್ಕಿಗಳು ಕಂಡರೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ. ಫ್ಯಾನ್ ಕೊಳವೆಯ ಬಾಯಿಯಿಂದ ಬೆಳಕು ಬರುತ್ತಿದ್ದರೆ ಕೊಳವೆಗೆ ಒಂದು ತಿರುವು ಕೊಟ್ಟು ಒಳಬದಿಗೆ ಕಪ್ಪು ಬಣ್ಣ ಬಳಿಯಿರಿ. ಎಲ್ಲರ ಕಣ್ಣು ತಪ್ಪಿಸುವುದು ಟೆಂಟಿನೊಳಗೇ ಇರುವ ಎಕ್ಸ್‌ಟೆನ್ಷನ್ ಬೋರ್ಡಿನ ಕೆಂಪು ಇಂಡಿಕೇಟರ್. ಫೈಟೋಕ್ರೋಮ್ ಅತಿ ಹೆಚ್ಚು ಸ್ಪಂದಿಸುವುದು ಕೆಂಪು ಬೆಳಕಿಗೆ, ಅದೂ ಎಲೆಯ ಪಕ್ಕದಲ್ಲೇ ರಾತ್ರಿಯಿಡೀ ಉರಿಯುತ್ತಿರುತ್ತದೆ. ಬೋರ್ಡನ್ನು ಹೊರಗಿಡಿ. ರಾತ್ರಿ ಹೋಗಿ ಟಾರ್ಚ್ ಬಿಟ್ಟು ಗಿಡ ನೋಡುವ ಅಭ್ಯಾಸ ಬಿಡಬೇಕು. ಹಸಿರು ದೀಪ ಪರವಾಗಿಲ್ಲ ಎಂಬ ಮಾತನ್ನೂ ನಂಬಿಕೊಂಡು ಕೂರಬೇಡಿ, ಅದರ ಪರಿಣಾಮ ಕಡಿಮೆಯೇ ಹೊರತು ಸೊನ್ನೆಯಲ್ಲ.

ಒಳ್ಳೆಯ ಬಿಸಿಲು ಬೀಳುವ ಬಾಲ್ಕನಿ ಇದ್ದವರಿಗೆ ದೀಪದ ಖರ್ಚೇ ಬೇಡ. ಚೀಲಗಳ ಸುತ್ತ ಪಿವಿಸಿ ಪೈಪಿನ ಚೌಕಟ್ಟು ನಿಲ್ಲಿಸಿ, ಸಂಜೆ 6ಕ್ಕೆ ದಪ್ಪ ಕಪ್ಪು ಬಟ್ಟೆಯನ್ನು ಎರಡು ಪದರವಾಗಿ ಇಳಿಬಿಟ್ಟು ಬೆಳಿಗ್ಗೆ 7ಕ್ಕೆ ತೆಗೆಯಿರಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರಿ ಬೂದಿ ರೋಗ ಬರುತ್ತದೆ, ಬಟ್ಟೆಯೇ ಸರಿ. ಮೊಗ್ಗು ಕಂಡಿತೆಂದು ನಿಲ್ಲಿಸಬಾರದು. ಮತ್ತೆ ಬೀದಿದೀಪ ಬಿದ್ದರೆ ಬಳ್ಳಿ ಅರ್ಧದಲ್ಲೇ ಎಲೆ ಬಿಡುವುದಕ್ಕೆ ತಿರುಗಬಹುದು.

ಬಳ್ಳಿಯನ್ನು ಅಡ್ಡ ಹಬ್ಬಿಸುವುದು

ಚೀಲದ ಬಾಯಿಂದ 45 ಸೆಂಟಿಮೀಟರ್ ಮೇಲೆ ನೈಲಾನ್ ಬಲೆಯನ್ನು ಅಡ್ಡಲಾಗಿ ಬಿಗಿದು ಕಟ್ಟಿ. ಕಣ್ಣು ನಾಲ್ಕಿಂಚಿನದಿದ್ದರೆ ಕೈ ಆಡುತ್ತದೆ. ಆರನೆಯ ಎಲೆ ಬಿಡಿಸಿದಾಗ ಕುಡಿ ಚಿವುಟಿ. ಪಕ್ಕದ ಕವಲುಗಳು ಒಂದು ಗೇಣು ಉದ್ದವಾದಾಗ ಅವುಗಳ ಕುಡಿಯನ್ನೂ ಒಮ್ಮೆ ಚಿವುಟಿ, ಅಲ್ಲಿಗೆ ಮುಗಿಯಿತು. ಕತ್ತಲೆ ಹೆಚ್ಚಿಸಿ ಎರಡು ವಾರ ಕಳೆದ ಮೇಲೆ ಚಿವುಟಿದರೆ ಹೂತೆನೆಯನ್ನೇ ಚಿವುಟಿದಂತೆ. ಆಮೇಲಿನ ಬಳ್ಳಿಯನ್ನು ಎರಡು ದಿನಕ್ಕೊಮ್ಮೆ ಬಲೆಯ ಕೆಳಗೆ ಸರಿಸಿ ಪಕ್ಕಕ್ಕೆ ತಿರುಗಿಸಿ. ಮಧ್ಯಾಹ್ನ ಮಾಡಿ, ಬೆಳಿಗ್ಗೆ ಬಳ್ಳಿ ನೀರು ತುಂಬಿ ಬಿರುಸಾಗಿರುತ್ತದೆ, ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ.

ಸಣ್ಣ ಫ್ಯಾನೊಂದು ಹಗಲು ರಾತ್ರಿ ತಿರುಗುತ್ತಿರಲಿ, ಗಾಳಿ ನೇರವಾಗಿ ಗಿಡಕ್ಕೆ ಬಡಿಯದಿರಲಿ.

ಹೂವಿನ ಕಾಲ

11 ಗಂಟೆಗೆ ಬದಲಿಸಿದ ನಾಲ್ಕರಿಂದ ಆರು ವಾರದಲ್ಲಿ ಎಲೆಯ ಕಂಕುಳಿಂದ ನೆಟ್ಟಗಿನ ತೆನೆಯೊಂದು ಏಳುತ್ತದೆ. ಅದರ ಮೇಲೆ ಸಣ್ಣ ಗಿಣ್ಣುಗಳಿದ್ದು, ಪ್ರತಿ ಗಿಣ್ಣಿನಲ್ಲಿ ಎರಡು ಮೂರು ಮೊಗ್ಗು ಒತ್ತಾಗಿ ಕೂತಿರುತ್ತವೆ. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಅರಳುತ್ತಾ ಹೋಗುತ್ತವೆ. ಎಂಟು ವಾರವಾದರೂ ತೆನೆ ಏಳದಿದ್ದರೆ ಗೊಬ್ಬರ ಬದಲಿಸಬೇಡಿ, ಕತ್ತಲೆಯ ಪರೀಕ್ಷೆ ಮತ್ತೆ ಮಾಡಿ. ಅದರಲ್ಲೂ ಸರಿಯಿದ್ದರೆ ದೀಪವನ್ನು 10 ಗಂಟೆಗೆ ಇಳಿಸಿ.

ಅವರೆ ತನ್ನ ಹೂವಿಗೆ ತಾನೇ ಪರಾಗ ಸೇರಿಸಿಕೊಳ್ಳುತ್ತದೆ, ಜೇನು ಬೇಕೇಬೇಕೆಂದಿಲ್ಲ. ಆದರೂ ಗಾಳಿಯಾಡದ ಟೆಂಟಿನಲ್ಲಿ ಬೆಳಿಗ್ಗೆ ಹೂ ಅರಳಿದಾಗ ತೆನೆಯ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ. ಒಂದಿಷ್ಟು ಹೂ ಉದುರುವುದು ಸಹಜ, ಹೊಲದಲ್ಲೂ ಉದುರುತ್ತದೆ. ತೆನೆ ತೆನೆಯೇ ಬರಿದಾದರೆ ಮೊದಲು ಉಷ್ಣಾಂಶ ನೋಡಿ. ರಾತ್ರಿ 25 ಡಿಗ್ರಿಗಿಂತ ಕೆಳಗೆ, ಹಗಲು 32ರೊಳಗೆ ಇರಬೇಕು. ಬಿತ್ತನೆಯ ತಿಂಗಳನ್ನು ನಿರ್ಧರಿಸುವುದು ಇದೇ. ಜೂನ್‌ನಲ್ಲಿ ಬಿತ್ತಿದರೆ ಹೂ ಬರುವುದು ಮಳೆಗಾಲದ ತಂಪಿನಲ್ಲಿ, ರಾತ್ರಿ 20 ಡಿಗ್ರಿ ಆಸುಪಾಸಿರುವಾಗ. ಹೊಲದ ಸೊಗಡವರೆ ಬರುವುದಕ್ಕೆ ಎರಡು ಮೂರು ತಿಂಗಳು ಮೊದಲೇ ನಿಮಗೆ ಕಾಯಿ. ಜನವರಿಯಲ್ಲಿ ಬಿತ್ತಿದರೆ ಹೂವೆಲ್ಲ ಮಾರ್ಚ್, ಏಪ್ರಿಲ್ ಸೆಕೆಗೆ ಸಿಕ್ಕಿ ಉದುರುತ್ತದೆ. ಇಬ್ಬನಿ ಬಿದ್ದಷ್ಟೂ ಸೊಗಡು ಎಂದು ರೈತರು ಹೇಳುತ್ತಾರೆ. ಸೊಗಡಿಗಾಗಿಯೇ ಬೆಳೆಯುವವರು ಸೆಪ್ಟೆಂಬರ್ ಮೊದಲ ವಾರ ಬಿತ್ತಿ, ಕಾಯಿ ಕಟ್ಟಿದ ಮೇಲೆ ಚೀಲಗಳನ್ನು ಬೀದಿದೀಪ ತಾಗದ ಜಾಗವಿದ್ದರೆ ಡಿಸೆಂಬರ್ ಚಳಿಗೆ ಹೊರಗಿಡುವುದು ಒಳ್ಳೆಯದು.

ನೀರನ್ನು ಚೀಲ ಎತ್ತಿ ನೋಡಿಯೇ ಹಾಕಿ. ಹೂವಿಗೆ ಮುಂಚೆ ಎರಡು ದಿನಕ್ಕೆ ಒಂದು ಲೀಟರ್ ಸಾಕಾಗುವ ಚೀಲ ಕಾಯಿ ತುಂಬುವಾಗ ದಿನಕ್ಕೊಂದು ಲೀಟರ್ ಕುಡಿಯುತ್ತದೆ. ಮೊಗ್ಗು ಕಂಡಾಗ ಲೀಟರಿಗೆ 2 ಗ್ರಾಂ 0:52:34 (ರಂಜಕ, ಪೊಟ್ಯಾಷ್ ಇರುವ, ನೀರಿನಲ್ಲಿ ಕರಗುವ ಗೊಬ್ಬರ), ಕಾಯಿ ಕಟ್ಟಿದ ಮೇಲೆ ಲೀಟರಿಗೆ 2 ಗ್ರಾಂ 0:0:50 (ಪೊಟ್ಯಾಷ್ ಗೊಬ್ಬರ), ಹತ್ತು ದಿನದ ಅಂತರದಲ್ಲಿ ಎರಡು ಸಲ. ಕಾಯಿ ಉದ್ದವಾಗಿದ್ದು ಒಳಗೆ ಕಾಳು ಜೊಳ್ಳಾದರೆ ಪೊಟ್ಯಾಷ್ ಅಥವಾ ನೀರು ಕಡಿಮೆಯಾಗಿರುತ್ತದೆ, ಇಲ್ಲವೇ ದೀಪಕ್ಕೆ ಕಸುವಿಲ್ಲ.

ಕಾಯಿಕೊರಕದ ಕಾಟ ಒಳಗಡೆ ಬಹಳ ಕಡಿಮೆ. ಇಲ್ಲಿನ ಶತ್ರುಗಳು ಸಸ್ಯಹೇನು ಮತ್ತು ನುಸಿ. ತೆನೆಯ ತೊಟ್ಟಿಗೆ ಕಪ್ಪಗೆ ಮುತ್ತುವ ಹೇನನ್ನು ಮೊದಲ ದಿನವೇ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬಹುದು, ವಾರ ಬಿಟ್ಟರೆ ಆಗುವುದಿಲ್ಲ. ಎಲೆಯ ಮೇಲೆ ಸೂಜಿಮೊನೆಯಷ್ಟು ತಿಳಿ ಚುಕ್ಕಿಗಳು ಕಂಡರೆ ಅಡಿಯಲ್ಲಿ ನುಸಿ ಇದೆ. ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಕಲಸಲು 2 ಮಿಲಿ ಸೋಪಿನ ದ್ರಾವಣ, ದೀಪ ಆರುವ ಹೊತ್ತಿಗೆ ಎಲೆಯ ಅಡಿಗೆ ತಾಗುವಂತೆ, ಐದು ದಿನಕ್ಕೊಮ್ಮೆ ಮೂರು ಸಲ. ದೀಪ ಉರಿಯುತ್ತಿರುವಾಗ ಎಣ್ಣೆ ಸಿಂಪಡಿಸಿದರೆ ಎಲೆ ಸುಡುತ್ತದೆ. ಹೂ ಅರಳಿರುವ ತೆನೆಗೆ ತಾಗಿಸಬೇಡಿ.

ಕೊಯ್ಲು, ಬೀಜ

ಹೂ ಕಟ್ಟಿದ ನಾಲ್ಕರಿಂದ ಐದು ವಾರಕ್ಕೆ ಕಾಯಿ ಒತ್ತಿದಾಗ ಕಾಳು ಗುಂಡಗೆ ಕೈಗೆ ಸಿಗುತ್ತದೆ, ಸಿಪ್ಪೆ ಇನ್ನೂ ಹಸಿರಾಗಿರುತ್ತದೆ. ಹಿತಕಿದ ಬೇಳೆಗೆ ಅದೇ ಹದ. ಸಿಪ್ಪೆ ಹಳದಿಗೆ ತಿರುಗಿದರೆ ಕಾಳು ಗಟ್ಟಿಯಾಗಿ ಹಿತಕುವುದು ಕಷ್ಟ. ಬೀಜಕ್ಕೆ ಬಿಟ್ಟ ಕಾಯಿ ಬಳ್ಳಿಯ ಮೇಲೇ ಒಣಗಿ ಅಲ್ಲಾಡಿಸಿದರೆ ಸದ್ದು ಬರಬೇಕು.

ಒಣ ಬೀಜವನ್ನು ನೆರಳಲ್ಲಿ ಒಂದು ವಾರ ಆರಿಸಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಏಳು ದಿನ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೆ ಡಬ್ಬಿ ಮನೆಯ ಶಾಖಕ್ಕೆ ಬರುವವರೆಗೆ ಮುಚ್ಚಳ ತೆಗೆಯಬಾರದು, ತೆಗೆದರೆ ಬೀಜದ ಮೇಲೆ ನೀರು ಕೂರುತ್ತದೆ. ಕಾಳಿನೊಳಗಿನ ಹುಳುವಿನ ಮೊಟ್ಟೆ ಇದರಿಂದ ಸಾಯುತ್ತದೆ. ಹಳ್ಳಿಯ ರೀತಿಯಲ್ಲಿ ಹರಳೆಣ್ಣೆ ಸವರಿ ಇಡುವುದೂ, ಒಲೆಬೂದಿಯಲ್ಲಿ ಕಲಸಿಡುವುದೂ ನಡೆಯುತ್ತದೆ.

ಬೀಜ ಆರಿಸುವಾಗ ಮೊದಲು ಹೂ ಬಿಟ್ಟ ಗಿಡದ ಕಾಳನ್ನೇ ಎತ್ತಿಡುವ ಆಸೆಯಾಗುತ್ತದೆ. ನಾಲ್ಕಾರು ತಲೆಮಾರು ಹಾಗೆ ಮಾಡಿದರೆ ನಿಧಾನದ ಗುಣ ಕಳಚಿ ಬೇರೆಯೇ ಅವರೆ ಕೈಯಲ್ಲಿ ಉಳಿಯುತ್ತದೆ. ನಾಲ್ಕೂ ಗಿಡಗಳಿಂದ, ಕಡೆಗೆ ಹೂ ಬಿಟ್ಟದ್ದರಿಂದಲೂ, ಸಮವಾಗಿ ತೆಗೆಯಿರಿ. ನಾಲ್ಕು ಗಿಡಗಳಲ್ಲಿ ಒಂದು ನಾಟಿ ತಳಿಯ ಎಲ್ಲ ಬಗೆ ಹಿಡಿಯುವುದಿಲ್ಲವಾದ್ದರಿಂದ ಮೊದಲು ತಂದ ಬೀಜವನ್ನೆಲ್ಲ ಒಂದೇ ಸಲ ಬಿತ್ತಬೇಡಿ. ಒಂದು ಹಿಡಿಯನ್ನು ಫ್ರೀಜರಿನಲ್ಲಿಟ್ಟು ಪ್ರತಿ ವರ್ಷ ಅದರಿಂದ ಒಂದಿಷ್ಟು ಬೆರೆಸಿ ಬಿತ್ತಿ. ಸಾಧ್ಯವಾದರೆ ಅದೇ ಬೀಜ ಬೆಳೆಯುವ ಇನ್ನಿಬ್ಬರ ಜತೆ ವರ್ಷಕ್ಕೊಮ್ಮೆ ಅದಲುಬದಲು ಮಾಡಿಕೊಳ್ಳಿ. ಡಬ್ಬಿಯ ಮೇಲೆ ಊರು, ಬಿತ್ತಿದ ದಿನ, 11 ಗಂಟೆಗೆ ಬದಲಿಸಿದ ದಿನ, ಮೊದಲ ಹೂವಿನ ದಿನ ಬರೆದಿಡಿ.